ಎರಡು ದಿನಕ್ಕೆ ನಾಲ್ಕು ಹರಕೆ

ಜನವರಿ 6, ಮಧ್ಯಾಹ್ನ 2.10
ಮಲಗಿದಳು. ಪೆನ್ನಿನ ಟಿಕ್ ಶಬ್ದಕ್ಕೂ ಏಳುತ್ತಾಳೆ, ಅದಕ್ಕೇ ಪೆನ್ಸಿಲ್. ನಿನ್ನೆ ನನ್ನ ನಿದ್ದೆ ಒಟ್ಟು ಎರಡು ಗಂಟೆ ನಲವತ್ತು ನಿಮಿಷ, ಮೂರು ಕಂತಿನಲ್ಲಿ. ಎಂಟು ತಿಂಗಳಿಂದ ಇದೇ ಹಾಡು. ಇವರು ಮಗಳಿಗೆ ಸೈರನ್ ಅಂತ ಹೆಸರಿಟ್ಟಿದ್ದಾರೆ. ಅತ್ತರೆ ಏನಾಯಿತೋ ಅನ್ನುವ ಭಯ. ಅಳದಿದ್ದರೆ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇನೆ.

ಹದಿನೆಂಟಕ್ಕೆ ದೇವಸ್ಥಾನಕ್ಕೆ ಹೊರಡುವುದು. ಪ್ಲಾನ್ ನನ್ನ ತಲೆಗೆ ಕಟ್ಟಿದ್ದಾರೆ — ಕಾಲೇಜಿನಲ್ಲಿ ಪರೀಕ್ಷೆ ಟೈಮ್‌ಟೇಬಲ್ ಮಾಡುತ್ತಿದ್ದವಳು ಅನ್ನುವ ಒಂದೇ ಕಾರಣಕ್ಕೆ. ಹುಟ್ಟಿದಾಗ ನಾಲ್ಕು ನಿಮಿಷ ಸೈರನ್ ಅಳಲೇ ಇಲ್ಲ. ಆಗ ಇವರು ಹೊಳೆದಂಡೆಯ ದೇವಿಗೆ ಹರಕೆ ಹೊತ್ತಿದ್ದರು. ಒಂದು ಕಾರು, ಎರಡು ದಿನ, ಒಂದು ಗುಡಿ. ಸುಲಭ ಅಂದುಕೊಂಡೆ.

ಜನವರಿ 7, ಬೆಳಗ್ಗೆ 11
ಸುಲಭ ಅಲ್ಲ. ಮಾವನೂ ಹೊತ್ತಿದ್ದಾರಂತೆ, ಕಡಲ ತೀರದ ಈಶ್ವರನಿಗೆ. ಫೋನ್ ಮಾಡಿದರೆ ನನ್ನ ಅಮ್ಮನದೂ ಒಂದು, ಗಣಪತಿಗೆ. ಅತ್ತೆಯದು ಬೆಟ್ಟದ ಮೇಲಿನ ನರಸಿಂಹ. ನಾಲ್ಕು ಜನ, ನಾಲ್ಕು ದೇವರು, ನಾಲ್ಕು ದಿಕ್ಕು. ಒಬ್ಬರಿಗೊಬ್ಬರು ಹೇಳಿಲ್ಲ.

"ಮೊದಲೇ ಹೇಳೋದಲ್ವಾ ಅತ್ತೆ?"
"ಹರಕೆ ಅಂದ್ರೆ ಮೈಕ್ ಹಾಕ್ಕೊಂಡು ಹೇಳೋದಾ?"

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಈಗಲೇ ಕಾರಿನಲ್ಲಿ ಸೀಟು ಹಂಚಿದ್ದಾರೆ. ನನಗೆ ಕಿಟಕಿ ಇಲ್ಲ.

ಜನವರಿ 8, ಮಧ್ಯಾಹ್ನ 3
ಡಾಕ್ಟರ್ ಮೇಡಂ ಪ್ರಕಾರ ಮಗುವನ್ನು ಒಂದೇ ಸಮನೆ ಎರಡು ಗಂಟೆಗಿಂತ ಹೆಚ್ಚು ಕೂರಿಸುವಂತಿಲ್ಲ. ಚಾರ್ಟ್ ಹಾಕಿದೆ. ಏನು ಕಸರತ್ತು ಮಾಡಿದರೂ ಎರಡೇ ಗುಡಿ. ಬೆಟ್ಟ ಎಲ್ಲಕ್ಕಿಂತ ಕಷ್ಟ — ನಲವತ್ತೆರಡು ತಿರುವು, ಆಮೇಲೆ ಮುನ್ನೂರ ಹತ್ತು ಮೆಟ್ಟಿಲು. ಹತ್ತಿರದ ಆಸ್ಪತ್ರೆಗೆ ಒಂದು ಗಂಟೆ ದಾರಿ. ಆ ಸಾಲಿನ ಕೆಳಗೆ ಎರಡು ಗೆರೆ ಎಳೆದೆ.

ಅತ್ತೆ ಚಾರ್ಟ್ ನೋಡಿದರು. "ನನ್ನದು ಬಿಡು ಕಣೇ. ಯಾವಾಗ್ಲಾದ್ರೂ ಬಸ್ಸಲ್ಲಿ ನಾನೇ ಹೋಗಿ ಬರ್ತೀನಿ."

ಮೂವತ್ತು ವರ್ಷ ಹೊಲಿಗೆ ಮೆಷಿನ್ ತುಳಿದ ಮಂಡಿ. ಮನೆಯ ಮಹಡಿ ಹತ್ತಲು ಎರಡು ಸಲ ನಿಲ್ಲುತ್ತಾರೆ. "ಇಲ್ಲ ಅತ್ತೆ" ಅಂತ ಬಾಯಿಮಾತಿಗಾದರೂ ಅನ್ನಬೇಕಿತ್ತು. ಅನ್ನಲಿಲ್ಲ. ರಬ್ಬರ್ ತೆಗೆದುಕೊಂಡು ಬೆಟ್ಟವನ್ನು ಅಳಿಸಿದೆ. ಎಷ್ಟು ಹಗುರ ಆಯಿತು ಅಂದರೆ…

ಜನವರಿ 9, ಸಂಜೆ 5.30
ಉಳಿದದ್ದು ಮೂರು. ಅಪ್ಪ-ಮಗನ ಜಗಳ, ಯಾರ ಹರಕೆ ಫಲಿಸಿದ್ದು ಅಂತ. ಫಲಿಸಿದವರ ಗುಡಿಗೆ ಮೊದಲು ಹೋಗಬೇಕಂತೆ.

"ಎಲ್ಲರೂ ಹರಕೆ ಹೊತ್ತ ಟೈಮ್ ಹೇಳಿ, ನಾನು ತೀರ್ಮಾನ ಮಾಡ್ತೀನಿ" ಅಂದೆ. ಮಗು ಅತ್ತದ್ದು ಹತ್ತು ನಲವತ್ತೊಂದಕ್ಕೆ. ಇವರು ಹತ್ತು ನಲವತ್ತು ಅಂದರು. ಮಾವ, "ನಂದು ಮೂವತ್ತೊಂಬತ್ತು. ವಾಚ್ ನೋಡ್ಕೊಂಡೇ ಹೊತ್ತಿದ್ದು." ಅಮ್ಮ ಏಳನೇ ತಿಂಗಳಲ್ಲೇ ಅಡ್ವಾನ್ಸ್ ಬುಕಿಂಗ್.

"ನಿಮ್ಮದು ಅತ್ತೆ?"

ಮೆಷಿನ್ ತುಳಿಯುತ್ತಲೇ ಇದ್ದರು. ಮಾವನೇ ಹೇಳಿದರು, "ಅವಳದ್ದು ಹನ್ನೆರಡೂವರೆ."

ನಾನು ನಕ್ಕೆ. "ಅಷ್ಟೊತ್ತಿಗೆ ಮಗು ಅತ್ತು ಎರಡು ಗಂಟೆ ಆಗಿತ್ತಲ್ಲ. ಲೇಟ್ ಎಂಟ್ರಿ, ಲೆಕ್ಕಕ್ಕಿಲ್ಲ."

ಇವರು ಫ್ಯಾನ್ ನೋಡಿದರು. ಮೆಷಿನ್ ನಿಂತಿತ್ತು.

ಅದೇ ದಿನ, 6.15
ಅಡುಗೆಮನೆಗೆ ಕರೆದು ಕೇಳಿದೆ. ಇವರು ಲೋಟ ತೊಳೆಯುತ್ತಾ ಹೇಳಿದರು, ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆಯುತ್ತಾ. ಮಗು ಅತ್ತ ಮೇಲೆ ನನಗೆ ರಕ್ತ ನಿಲ್ಲಲಿಲ್ಲವಂತೆ. ಎರಡು ಸಲ ರಕ್ತ ತರಿಸಿದರಂತೆ. ಹನ್ನೆರಡೂವರೆಗೆ ಡಾಕ್ಟರ್ ಹೊರಗೆ ಬಂದು, ಏನೂ ಹೇಳದೆ ಮತ್ತೆ ಒಳಗೆ ಹೋದರಂತೆ. ಮಗುವನ್ನು ಎತ್ತಿಕೊಂಡಿದ್ದ ಅತ್ತೆ ಆಗ ಹೊತ್ತದ್ದು — ಸೊಸೆ ಎದ್ದು ಕೂತರೆ ಬರಿಗಾಲಲ್ಲಿ ಬೆಟ್ಟ ಹತ್ತುತ್ತೇನೆ ಅಂತ.

ನನಗೆ ಹೇಳಿದ್ದು, "ಸ್ವಲ್ಪ ಸುಸ್ತು, ಅಷ್ಟೇ."

ಅತ್ತೆಯ ಹತ್ತಿರ ಹೋಗಿ ನಿಂತೆ. "ಯಾಕೆ ಹೇಳ್ಲಿಲ್ಲ?"
ದಾರ ಕಚ್ಚಿ ಕತ್ತರಿಸಿದರು. "ಹೇಳಿದ್ರೆ ನೀನು ಅದಕ್ಕೂ ಒಂದಷ್ಟು ನಿದ್ದೆ ಬಿಡ್ತಿದ್ದೆ."

ಜನವರಿ 14, ಮಧ್ಯಾಹ್ನ 2.30
ನಾಲ್ಕು ದಿನ ಬರೆಯಲಿಲ್ಲ. ಹೊಸ ಚಾರ್ಟ್. ಮೊದಲ ದಿನ ಬೆಟ್ಟ. ಎರಡನೆಯ ದಿನ, ವಾಪಸ್ ದಾರಿಯಲ್ಲಿ, ದೇವಿ. ಅಮ್ಮ "ಗಣಪತಿಗೆ ನಾನೇ ನಡ್ಕೊಂಡು ಹೋಗ್ತೀನಿ ಬಿಡೇ" ಅಂದಳು. ಮಾವ ಗೊಣಗುತ್ತಾರೆ ಅಂದುಕೊಂಡಿದ್ದೆ. "ನನ್ನ ಈಶ್ವರ ಕಡಲು ಬಿಟ್ಟು ಎಲ್ಲಿಗೆ ಹೋಗ್ತಾನೆ? ವೇಟಿಂಗ್ ಲಿಸ್ಟಲ್ಲಿ ಹಾಕು."

ಅತ್ತೆ ಮಾತ್ರ ಒಪ್ಪುತ್ತಿಲ್ಲ. "ಎಳೇ ಮಗು, ಆ ತಿರುವು…" ನನ್ನ ಮಾತನ್ನೇ ನನಗೆ ಹೇಳುತ್ತಾರೆ. ಮೇಲಕ್ಕೆ ಹೊತ್ತೊಯ್ಯುವ ಡೋಲಿ ಸಿಗುತ್ತದೆ ಅಂದೆ.
"ಡೋಲಿಯಲ್ಲಿ ಹೋದ್ರೆ ಹೊತ್ತವನಿಗೆ ಪುಣ್ಯ. ನನಗೇನು?"
"ಹಾಗಾದ್ರೆ ನಡೀರಿ. ಚಾರ್ಟ್ ಆಗಿದೆ, ಇನ್ನು ತಿದ್ದಲ್ಲ."
"ಅಬ್ಬಾ, ಹೆಡ್ ಮೇಡಂ" ಅಂದರು. ಬ್ಯಾಗಿಗೆ ಮಂಡಿಪಟ್ಟಿ ಹಾಕಿದ್ದು ಆಮೇಲೆ ನೋಡಿದೆ.

ನನ್ನ ಬ್ಯಾಗು: ಥರ್ಮಾಮೀಟರ್ ಎರಡು, ಜ್ವರದ ಔಷಧಿ, ಮೂರು ಆಸ್ಪತ್ರೆಗಳ ನಂಬರ್, ಹತ್ತೊಂಬತ್ತು ಡೈಪರ್. ಇವರು ಎಣಿಸಿ, "ಹಿಮಾಲಯಕ್ಕಾ?" ಅಂದರು.

ಜನವರಿ 18, ಬೆಳಗ್ಗೆ 10.20
ಮೆಟ್ಟಿಲುಗಳ ಬುಡ. ಚಾರ್ಟಿನ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ನಲವತ್ತೆರಡು ತಿರುವಿಗೂ ಮಾವ "ರೈಟ್, ರೈಟ್" ಅಂದರು. ಪ್ರತಿ ಸಲವೂ ಸೈರನ್ ಕೇಕೆ ಹಾಕಿ ನಕ್ಕಳು. ವಾಂತಿ ಮಾಡಿದ್ದು ನಾನೊಬ್ಬಳೇ.

ಪ್ಲಾನ್ ಪ್ರಕಾರ ಅತ್ತೆ ಮೇಲಕ್ಕೆ, ಇವರು ಕಾರು ನಿಲ್ಲಿಸಿ ಅವರ ಹಿಂದೆ. ನಾನು, ಮಗು, ಮಾವ ಮರದ ಕೆಳಗೆ. ಆದರೆ ಇವರು ಇನ್ನೂ ಪಾರ್ಕಿಂಗ್ ಸಾಲಿನಲ್ಲಿ ಸಿಕ್ಕಿಕೊಂಡಿದ್ದಾರೆ, ಅತ್ತೆ ಕಾಯಲಿಲ್ಲ. ಚಪ್ಪಲಿ ಬಿಟ್ಟು ಹತ್ತಿಯೇ ಬಿಟ್ಟರು. ಹನ್ನೆರಡನೇ ಮೆಟ್ಟಿಲಲ್ಲಿ ನಿಂತರು. ಇಪ್ಪತ್ತೈದರಲ್ಲಿ ನಿಂತರು. ಕಂಬಿ ಹಿಡಿದ ಕೈ ಇಲ್ಲಿಗೇ ಕಾಣುತ್ತದೆ. ತಿರುಗಿ ನೋಡುತ್ತಿಲ್ಲ, ನೋಡಿದರೆ ನಾನು ಹೆದರುತ್ತೇನೆ ಅಂತ ಇರಬೇಕು.

ಮಗುವನ್ನು ಮಾವನ ತೊಡೆಯ ಮೇಲೆ ಕೂರಿಸಿದೆ. ಎಂಟು ತಿಂಗಳಲ್ಲಿ ಅವಳನ್ನು ಬಿಟ್ಟು ಕಣ್ಣಿಗೆ ಕಾಣದಷ್ಟು ದೂರ ನಾನು ಹೋದವಳಲ್ಲ. ಸೈರನ್ ಅಳಲು ಶುರು ಮಾಡಿದಳು, ಬೆಟ್ಟವೆಲ್ಲ ಕೇಳುವ ಹಾಗೆ. ಮಾವ, "ಹತ್ತಮ್ಮ ನೀನು, ಇದಕ್ಕಿಂತ ಜೋರಾಗಿ ಅತ್ತ ಪ್ಯಾಸೆಂಜರ್‌ಗಳನ್ನ ನೋಡಿದೀನಿ."

ಅಳಲಿ. ಅತ್ತೆ ನಲವತ್ತರಲ್ಲಿ ಕೂತಿದ್ದಾರೆ, ಚಪ್ಪಲಿ ಬಿಟ್ಟು ನಾನು ಈಗಲೇ ಓಡಿದರೆ ಅವರು ಏಳುವಷ್ಟರಲ್ಲಿ ಜೊತೆಗಿರುತ್ತೇನೆ.