ಮ್ಯಾನ್ಸ್‌ಫೀಲ್ಡ್ ಬೆಟ್ಟದ ಕಡವೆ

೧೪ ಮೇ ೧೯೯೪, ಶನಿವಾರ. ಟೆಂಟಿನಲ್ಲಿ.

ಮುಂದಿನ ವಾರ ಭುಜದ ಆಪರೇಷನ್. ಆಮೇಲೆ ಬಿಲ್ಲು ಮುಟ್ಟುವಂತಿಲ್ಲ. ಅದಕ್ಕೇ ಕೊನೆಯ ಬೇಟೆಗೆಂದು ಒಬ್ಬನೇ ಬೆಟ್ಟ ಹತ್ತಿದೆ.

ಮೆಲ್ಬರ್ನ್‌ನಿಂದ ಹೊರಡುವಾಗ ಹೆಂಡತಿ ಅರುಂಧತಿ, "ರೀ, ಈ ವಯಸ್ಸಲ್ಲಿ ಬಿಲ್ಲು ಹಿಡ್ಕೊಂಡು ಶ್ರೀರಾಮ ಅನ್ಕೊಂಡ್ರಾ?" ಅಂದಳು.

"ಅವನೂ ಜಿಂಕೆ ಹಿಂದೇನೇ ಹೋದದ್ದು ಕಣೇ. ನೀನು ಗೆರೆ ದಾಟಬೇಡ!"

ಸಂಜೆ ಮರದಂಥ ಕೊಂಬಿನ ಗಂಡು ಕಡವೆ ತೀರಾ ಹತ್ತಿರ ಬಂತು! ಗಾಳಿ ಎತ್ತ ಬೀಸುತ್ತಿದೆಯೆಂದು ನೋಡಲು ದೇವರ ಮನೆಯಿಂದ ಕದ್ದು ತಂದ ವಿಭೂತಿ ತೂರಿದೆ. ಗಾಳಿ ನನ್ನ ಕಡೆಗೇ. ಕಡವೆಗೆ ನನ್ನ ವಾಸನೆ ಹೋಗದು. ಪುಡಿ ಮಾತ್ರ ಸೀದಾ ಮೂಗಿಗೆ ಬಂತು. ಬಿಲ್ಲನ್ನು ಪೂರ್ತಿ ಎಳೆದು ಹಿಡಿದಾಗಲೇ ಸೀನಿದೆ. ಬಾಣ ಆಕಾಶಕ್ಕೆ, ಮೈ ಕೊಡವಿ ಕಡವೆ ಕಣಿವೆಗೆ.

ಆದರೆ ಭುಜ ಕಮಕ್ ಕಿಮಕ್ ಎನ್ನಲಿಲ್ಲ! ಆಪರೇಷನ್ ಮುಂದೂಡಿಸುತ್ತೇನೆ. ಸರ್ಜನ್‌ಗೇ ಜ್ವರ ಬಂದಿದೆ ಅಂದರೆ ಅರುಂಧತಿ ನಂಬುತ್ತಾಳಾ?