ಭಾವನ ಪಶ್ಚಾತ್ತಾಪ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.40

ಮೊದಲ ಲೋಡ್ ಹಾಕಿದೆ. ಕತ್ತರಿ, ಇಕ್ಕಳ, ಮಂಡಿ ಆಪರೇಷನ್ನಿನ ಎರಡು ಟ್ರೇ. ಹಬೆ ಮಶೀನು ಹದಿನೆಂಟು ನಿಮಿಷ ಓಡಬೇಕು, ಆಗಲೇ ಸಲಕರಣೆ ಶುದ್ಧ. ಈಗೀಗ ಎದುರಿಗೇ ಕುರ್ಚಿ ಹಾಕಿಕೊಂಡು ಕಾಯುತ್ತೇನೆ. ಟ್ರೇ ಒಳಗಿನ ಕಾಗದದ ಪಟ್ಟಿ ಪೂರ್ತಿ ಕಪ್ಪಾಗಿದೆಯೇ ಎಂದು ಎರಡೆರಡು ಸಲ ನೋಡುತ್ತೇನೆ. ಹೊಸ ನರ್ಸ್ ನಕ್ಕಳು — "ನಿಮ್ಮಷ್ಟು ಶಿಸ್ತು ಯಾರಿಗೂ ಇಲ್ಲ ಬಿಡಿ." ಶಿಸ್ತಂತೆ. ಮೈ ಉರಿಯಿತು.

ನಿನ್ನೆ ಚರ್ಚಿನಲ್ಲಿ ತಿಂಗಳ ಪ್ರಭುಭೋಜನ. ಪಾಪ ಮುಚ್ಚಿಟ್ಟುಕೊಂಡವನು ಆ ರೊಟ್ಟಿ ತಿನ್ನಬಾರದು. ರೊಟ್ಟಿ ಹತ್ತಿರ ಬರುವಷ್ಟರಲ್ಲಿ ಕೆಮ್ಮು ಬಂದವನ ಹಾಗೆ ಎದ್ದು ಹೊರಗೆ ಹೋದೆ. ಇದು ಎಂಟನೇ ತಿಂಗಳು. ಎಂಟೂ ಸಲ ಕೆಮ್ಮು. ಅಕ್ಕ ಕಫದ ಔಷಧಿ ತಂದುಕೊಟ್ಟಿದ್ದಾಳೆ.

ಮಾರ್ಚ್ 5

ಬರೆದೇಬಿಡುತ್ತೇನೆ. ಇದನ್ನು ಯಾರು ಓದುತ್ತಾರೆ.

ಕಳೆದ ಜುಲೈ. ಚರ್ಚಿನ ಕ್ವಾಯರ್ ಪ್ರಾಕ್ಟೀಸಿಗೆ ತಡವಾಗುತ್ತಿತ್ತು. ಹನ್ನೊಂದನೇ ನಿಮಿಷಕ್ಕೇ ಮಶೀನು ನಿಲ್ಲಿಸಿದೆ. ಪಟ್ಟಿ ಇನ್ನೂ ಕಂದು. ಜೇಬಿನಲ್ಲಿ ಹಳೇ ಲೋಡಿನ ಕಪ್ಪು ಪಟ್ಟಿಗಳಿದ್ದವು — ಅವಸರಕ್ಕೆಂದು ಇಟ್ಟುಕೊಂಡಿರುತ್ತಿದ್ದೆ. ಹೌದು, ಅದೇ ಮೊದಲ ಸಲವಲ್ಲ. ಒಂದನ್ನು ರಿಜಿಸ್ಟರಿಗೆ ಅಂಟಿಸಿ ಓಡಿದೆ. ಹಾಡಿದ್ದೂ ಚೆನ್ನಾಗಿಯೇ.

ಮುಂದಿನ ಪಾಳಿ ಭಾವನದು, ಅಕ್ಕನ ಗಂಡನದು. ಅವತ್ತು ಹತ್ತು ನಿಮಿಷ ಮೊದಲೇ ಬಂದಿದ್ದರು. ಪಟ್ಟಿ ನೋಡಿದರು, ನಂಬಿದರು, ಸಹಿ ಹಾಕಿ ಟ್ರೇ ಕಳಿಸಿದರು. ಒಬ್ಬ ನಿವೃತ್ತ ಟೀಚರ ಮಂಡಿಯಲ್ಲಿ ಕೀವಾಯಿತು. ಮತ್ತೆ ಎರಡು ಸಲ ಕೊಯ್ದರು. ಈಗ ಕೋಲು ಹಿಡಿದು ನಡೆಯುತ್ತಾರೆ.

ವಿಚಾರಣೆಯಲ್ಲಿ ಮಶೀನು ಅರ್ಧಕ್ಕೆ ನಿಂತದ್ದು ಬಯಲಾಯಿತು. ನಿಲ್ಲಿಸಿದ್ದು ಯಾರು? ನಾನು ಹೇಳಿದ್ದು ಒಂದೇ ವಾಕ್ಯ: "ನಾನು ಹೊರಟಾಗ ಮಶೀನು ಓಡ್ತಿತ್ತು." ಭಾವ ಬೇಗ ಬಂದಿದ್ದರು, ರಿಜಿಸ್ಟರಿನಲ್ಲಿ ಸಹಿಯೂ ಅವರದೊಂದೇ.

ಭಾವ ತಲೆ ಕೆರೆದುಕೊಂಡರು. "ನೆನಪಿಲ್ಲ ಸಾರ್... ನಾನೇ ನಿಲ್ಲಿಸಿರಬಹುದು."

ಅವರ ಕೆಲಸ ಹೋಯಿತು. ಈಗ ಸ್ಕೂಲ್ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುತ್ತಾರೆ. ನಾನು ಇನ್ನೂ ಇಲ್ಲೇ ಇದ್ದೇನೆ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ

ಪಾಸ್ಟರ್ ಹತ್ತಿರ ಹೋದೆ. ಒಬ್ಬ ಗೆಳೆಯನ ವಿಷಯ ಅಂತ ಶುರು ಮಾಡಿದೆ. ಅವರು ಕನ್ನಡಕ ತೆಗೆದಿಟ್ಟರು.

"ನಿಮ್ಮ ಗೆಳೆಯ ದೇವರ ಹತ್ತಿರ ಹೇಳ್ಕೊಂಡಿದ್ದಾನಾ?"

"ದಿನಾ ಹೇಳ್ಕೋತಾನೆ."

"ಆ ಮನುಷ್ಯನ ಹತ್ತಿರ?"

"ಇಲ್ಲ."

"ದೇವರು ಕ್ಷಮಿಸ್ತಾನೆ. ಆದ್ರೆ ಆ ಮನುಷ್ಯನ ಪರವಾಗಿ ದೇವರು ಸಹಿ ಹಾಕಲ್ಲಪ್ಪ."

ಗೆಳೆಯನಂತೆ! ಅವರಿಗೆ ಗೊತ್ತಾಗಿಹೋಗಿದೆ.

ಮಾರ್ಚ್ 10

ಇವತ್ತು ಹೇಳುವುದು. ಖಂಡಿತ.

ಮಾರ್ಚ್ 11

ಇಲ್ಲ. ಭಾವನಿಗೆ ಜ್ವರ.

ಮಾರ್ಚ್ 16, ಭಾನುವಾರ

ಜ್ವರ ಬಿಟ್ಟಿದೆ. ಇಂದಿನ ಉಪದೇಶ — ನಮ್ಮ ಪಾಪವನ್ನು ಇನ್ನೊಬ್ಬನು ಹೊತ್ತನು. ಗೊತ್ತು. ನನ್ನದನ್ನು ಹೊತ್ತ ಭಾವ ಎರಡನೇ ಸಾಲಿನಲ್ಲಿ ಕೂತು ತೂಕಡಿಸುತ್ತಿದ್ದರು.

ಮಾರ್ಚ್ 30, ಭಾನುವಾರ. ಮಧ್ಯಾಹ್ನ 1.00

ಚರ್ಚಿನಿಂದ ಈಗ ಬಂದೆ.

ತಮ್ಮ ತಮ್ಮ ಅನುಭವವನ್ನು ಸಭೆಯ ಮುಂದೆ ಸಾಕ್ಷಿಯಾಗಿ ಹೇಳುವ ಹೊತ್ತಿನಲ್ಲಿ ಭಾವ ಎದ್ದು ನಿಂತರು. ಬಸ್ಸಿನ ಯೂನಿಫಾರ್ಮಿನ ಪ್ಯಾಂಟೇ ಹಾಕಿದ್ದರು, ಇರುವುದರಲ್ಲಿ ಒಳ್ಳೆಯದು ಅದೇ. "ನನ್ನ ಬೇಜವಾಬ್ದಾರಿಯಿಂದ ಒಬ್ಬರ ಕಾಲು ಹಾಳಾಯ್ತು. ನೆನಪಿಲ್ಲ, ನೆನಪಿಲ್ಲ ಅಂತ ಇಷ್ಟು ದಿನ ತಪ್ಪಿಸ್ಕೊಂಡೆ. ನಿನ್ನೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ." ಟೀಚರ್ ಇವರ ಕೈ ಹಿಡಿದು ಕೂರಿಸಿ, ಕ್ಷಮಿಸಿದ್ದೀನಿ ಹೋಗಿ ಅಂದರಂತೆ. ಹೇಳುತ್ತಾ ಭಾವ ಅತ್ತರು. ಇಡೀ ಸಭೆ ಹಲ್ಲೆಲೂಯ ಅಂದಿತು. ನಾನು ಕ್ವಾಯರಿನ ಸಾಲಿನಲ್ಲಿ ಹಾಡಿನ ಪುಸ್ತಕ ಹಿಡಿದು ನಿಂತಿದ್ದೆ.

ನನ್ನ ಪಾಪಕ್ಕೆ ಅವರು ಪಶ್ಚಾತ್ತಾಪಪಟ್ಟರು. ನಾನು ಕೇಳಬೇಕಾಗಿದ್ದ ಕ್ಷಮೆಯನ್ನೂ ಅವರೇ ಹೋಗಿ ಕೇಳಿದರು. ಮತ್ತೆ ನನಗೆ — ಬರೆಯಲು ನಾಚಿಕೆ — ಒಂದು ಕ್ಷಣ ಹಗುರವಾಯಿತು. ಮುಗಿಯಿತಲ್ಲ, ಇನ್ನು ಕೆದಕುವುದೇಕೆ, ಅನ್ನಿಸಿತು. ಎಂಥ ನೀಚ ನಾನು.

ಏಪ್ರಿಲ್ 4, ಶುಕ್ರವಾರ. ಸಂಜೆ 5.30

ಹೇಳಿದೆ.

ಬಸ್ ಡಿಪೋಗೆ ಹೋಗಿದ್ದೆ. ಭಾವ ಸೀಟುಗಳ ಕೆಳಗೆ ಬಗ್ಗಿ ಮಕ್ಕಳು ಬಿಟ್ಟುಹೋದ ಪೆನ್ಸಿಲ್, ಒಂಟಿ ಸಾಕ್ಸ್ ಹೆಕ್ಕುತ್ತಿದ್ದರು. "ಬಾರೋ ಗಾಯಕ, ಒಂದು ಕೈ ಹಾಕು" ಅಂದರು. ನಿಂತಲ್ಲೇ ಒದರಿಬಿಟ್ಟೆ. ಹನ್ನೊಂದು ನಿಮಿಷ, ಜೇಬಿನ ಪಟ್ಟಿ, ಆ ಒಂದು ವಾಕ್ಯ.

"ಹಾಗಾದ್ರೆ ನಾನಲ್ಲ?"

"ನೀವಲ್ಲ ಭಾವ."

ಕೂತರು. ಚಿಕ್ಕ ಮಕ್ಕಳ ಸೀಟು, ಮಂಡಿ ಎದೆಗೆ ತಾಗುತ್ತಿತ್ತು. "ನಾನಲ್ಲ?" ಮತ್ತೆ ಕೇಳಿದರು. ಮೂರನೇ ಸಲ ನನ್ನನ್ನು ಕೇಳಲಿಲ್ಲ, ಕಿಟಕಿ ಕಡೆ ತಿರುಗಿ ತಮಗೆ ತಾವೇ ಹೇಳಿಕೊಂಡರು. ಬೈಯಲಿ, ಎರಡು ಬಾರಿಸಲಿ ಅಂತ ಕಾದೆ.

"ಕ್ಷಮಿಸಿ ಭಾವ."

"ಅದು ಆಮೇಲೆ. ಈಗ ಕೇಳ್ಬೇಡ, ನನ್ನ ಕೈಲಾಗಲ್ಲ." ಕೈಯಲ್ಲಿದ್ದ ಒಂಟಿ ಸಾಕ್ಸ್ ಮಡಿಸುತ್ತಾ ಅಂದರು, "ಅವತ್ತಿಂದ ನಾನು ತೊಳೆದಿಟ್ಟ ಲೋಟನ ನಿಮ್ಮಕ್ಕ ಇನ್ನೊಂದು ಸಲ ತೊಳೀತಾಳೆ. ನಾನು ನೋಡಿಲ್ಲ ಅಂದ್ಕೊಂಡಿದ್ದಾಳೆ. ಮೊದಲು ಅವಳಿಗೆ ಹೇಳು."

ಏಪ್ರಿಲ್ 5, ಶನಿವಾರ. ಬೆಳಿಗ್ಗೆ 10.15

ಅಕ್ಕನ ಅಡುಗೆಮನೆ. ಅವಳು ಮಾರ್ಕೆಟ್ಟಿನಿಂದ ಇನ್ನೂ ಬಂದಿಲ್ಲ. ಭಾವ ಹೊರಗೆ ಮೆಟ್ಟಿಲ ಮೇಲಿದ್ದಾರೆ, ಒಳಗೆ ಬರುವುದಿಲ್ಲವಂತೆ. ನನ್ನ ಮುಖವನ್ನೂ ನೋಡಲಿಲ್ಲ.

ಮೊದಲು ಅವಳಿಗೆ ಅಂದಿದ್ದರು; ಧೈರ್ಯ ಸಾಲದೆ ಆಸ್ಪತ್ರೆಯ ಮೇಲಧಿಕಾರಿಗೇ ಮೊದಲು ಎಲ್ಲ ಬರೆದು ಕೊಟ್ಟು ಬಂದೆ. ಕೆಲಸ ಹೋಗುತ್ತದೆ, ಹೋಗಲಿ. ಟೀಚರ ಮನೆಗೆ ನಾಳೆ. ಅದೆಲ್ಲ ಮಾಡಬಲ್ಲೆ. ಇದೊಂದೇ... ತಾಯಿ ಇಲ್ಲದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈ ಪುಸ್ತಕ ಕೊಟ್ಟು ಓದಿಕೋ ಅನ್ನಬಹುದು. ಬೇಡ. ಬಾಯಲ್ಲೇ ಹೇಳಬೇಕು.

ಗೇಟಿನ ಸದ್ದು. "ಇದೇನ್ರೋ, ಭಾವ ಭಾವಮೈದ ಒಬ್ಬೊಬ್ರು ಒಂದೊಂದು ಕಡೆ?" — ನಗುತ್ತಿದ್ದಾಳೆ. ಚೀಲ ಇಳಿಸಿದಳು. ಪುಸ್ತಕ ಮುಚ್ಚುತ್ತೇನೆ. ಅಕ್ಕಾ, ಸ್ವಲ್ಪ ಕೂತ್ಕೋ ಅಂತ ಶುರು ಮಾಡಬೇಕು.