ಇಲಿಜ್ವರದ ಕೆಂಪು ಗೆರೆ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಸತಾಯಿಸಿದೆ, ಸಿಟ್ಟಾಗಬೇಡ. ಈಗ ಬೇಕಾದಷ್ಟು ಬಿಡುವಿದೆ. ಲ್ಯಾಬಿನವರು ನನ್ನನ್ನು ಅಮಾನತು ಮಾಡಿದ್ದಾರೆ. ಗಾಬರಿ ಬೇಡ, ಹೊಟ್ಟೆತುಂಬ ಊಟ ಮಾಡಿಯೇ ಬರೆಯುತ್ತಿದ್ದೇನೆ.

ಇಲಿಜ್ವರ ಪತ್ತೆಗೆಂದು ನಾವು ಮಾಡಿದ ಕಾಗದದ ಪಟ್ಟಿ ನಿನಗೆ ಗೊತ್ತಲ್ಲ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳಿವೆ. ಅಷ್ಟು ಸಣ್ಣದಾದಾಗ ಚಿನ್ನ ಹಳದಿಯಲ್ಲ, ಕೆಂಪು. ಒಂದು ತೊಟ್ಟು ರಕ್ತ ಹಾಕಿದರೆ ಸಾಕು, ರೋಗವಿದ್ದರೆ ಆ ಕಣಗಳು ಒಂದೆಡೆ ಸೇರಿ ಕೆಂಪು ಗೆರೆ ಮೂಡುತ್ತದೆ. "ಮೈಮೇಲೆ ಒಂದು ಗುಂಜಿ ಚಿನ್ನ ಹಾಕ್ಕೊಳ್ಳಲ್ಲ, ಕಾಗದಕ್ಕೆ ಬಳೀತಾಳೆ" ಎಂದು ನಿನ್ನಜ್ಜಿ ನಗುತ್ತಾರೆ.

ನಿರ್ದೇಶಕರು ಯೋಜನೆಯನ್ನೇ ನಿಲ್ಲಿಸಿದರು. "ಚರಂಡಿ ಕೆಲಸದವರಿಗೆ ಬರೋ ಕಾಯಿಲೆ ಮೇಡಂ, ಯಾರು ಕೊಂಡ್ಕೋತಾರೆ?" ಅಂದರು.

ಉಳಿದ ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಆ ಕೆಲಸಗಾರರ ಶೆಡ್ಡಿಗೇ ಹೋದೆ. ಒದ್ದೆ ಬೂಟುಗಳ ಪಕ್ಕ, ಎಲ್ಲರೂ ಉದ್ದಣ್ಣ ಎಂದು ಕರೆಯುವ ಒಬ್ಬ ಜ್ವರದಲ್ಲಿ ಗೋಡೆಗೊರಗಿ ಕೂತಿದ್ದ. ಕಣ್ಣು ಹಳದಿ, ಇಲಿಜ್ವರ ಲಿವರಿಗೆ ಇಳಿದಾಗ ಆಗುವ ಹಾಗೆ. ಅವನನ್ನು ಕೇಳಿಯೇ ಬೆರಳು ಚುಚ್ಚಿದೆ. ಗೆರೆ ಮೂಡಿತು. ಗಾಡಿ ಹಿಡಿದು ಆಸ್ಪತ್ರೆಗೆ ಕರೆದೊಯ್ದೆ.

"ಬರೀ ಕಾಮಾಲೆ ಇರ್ಬೇಕು. ದೊಡ್ಡ ಲ್ಯಾಬಿಂದ ರಿಪೋರ್ಟ್ ಬರ್ಲಿ. ಈ ಕಾಗದ ನಂಬ್ಕೊಂಡು ಔಷಧಿ ಕೊಡಕ್ಕಾಗುತ್ತಾ?" ಅಂದರು ಡಾಕ್ಟರು.

"ರಿಪೋರ್ಟ್ ಬರೋ ಹೊತ್ತಿಗೆ ಇವನು ಇರ್ತಾನಾ? ಇರ್ತಾನೆ ಅಂತ ಬರೆದು ಸಹಿ ಹಾಕಿ, ಹೋಗ್ತೀನಿ" ಎಂದು ಬಾಗಿಲಿಗೆ ಅಡ್ಡ ನಿಂತೆ.

ಗೊಣಗುತ್ತಲೇ ಇಂಜೆಕ್ಷನ್ ಬರೆದರು. ರಿಪೋರ್ಟ್ ಬಂದಾಗ ಉದ್ದಣ್ಣ ಎದ್ದು ಕೂತು ನರ್ಸಮ್ಮನ ಹತ್ತಿರ ಇನ್ನಷ್ಟು ಊಟ ಕೇಳುತ್ತಿದ್ದ. ಇಲಿಜ್ವರವೇ ಆಗಿತ್ತು.

ಲ್ಯಾಬಿನ ಅನುಮತಿಯಿಲ್ಲದೆ ಪರೀಕ್ಷೆ ಮಾಡಿದ್ದಕ್ಕೆ ಈ ಅಮಾನತು. ಕ್ಷಮೆ ಕೇಳಿ ಬರೆದುಕೊಟ್ಟರೆ ವಾಪಸ್ ತೆಗೆದುಕೊಳ್ಳುತ್ತಾರಂತೆ. ಬರೆಯುವುದಿಲ್ಲ. ನಿಯಮ ಮುರಿದದ್ದು ಹೌದು. ಅಂಥ ಹಳದಿ ಕಣ್ಣು ಮತ್ತೆ ಕಂಡರೆ ಮತ್ತೆ ಮುರಿಯುತ್ತೇನೆ. ವಿಚಾರಣೆಯ ದಿನ ಉದ್ದಣ್ಣ ಶೆಡ್ಡಿನವರನ್ನೆಲ್ಲ ಕಟ್ಟಿಕೊಂಡು ಬರುತ್ತಾನಂತೆ. ಬರಲಿ, ಕುರ್ಚಿ ಸಾಲದಿದ್ದರೆ ನಿರ್ದೇಶಕರೇ ಎದ್ದು ನಿಲ್ಲಲಿ.

ನೀನು ಆರೋಗ್ಯವಾಗಿರು, ತಲೆಯೆತ್ತಿ ಬಾಳು.

ನಿನ್ನ ಅಮ್ಮ

ತಾ.ಕ.: ಉದ್ದಣ್ಣ ಇಳಿಯುವ ಅದೇ ಚರಂಡಿಯ ಪಂಪು ನೋಡಿಕೊಳ್ಳುತ್ತಿದ್ದ ನಿನ್ನಪ್ಪ ಕುಡಿದು ಲಿವರ್ ಹಾಳು ಮಾಡಿಕೊಂಡರು ಎಂದು ಡಾಕ್ಟರು ಹೇಳಿದ್ದನ್ನು ನಂಬಿ, ನೀನು ಕೊನೆಗೆ ಅವರ ಮುಖ ನೋಡಲೂ ಬರಲಿಲ್ಲ. ಆಗ ಪರೀಕ್ಷೆಗೆಂದು ತೆಗೆದ ಅವರ ರಕ್ತ ನಮ್ಮ ಲ್ಯಾಬಿನ ಫ್ರೀಜರಿನಲ್ಲಿ ಉಳಿದಿತ್ತು. ಅಮಾನತಾಗಿ ಲ್ಯಾಬಿನಿಂದ ಹೊರಡುವ ಮುಂಚೆ ಒಂದು ಪಟ್ಟಿಯ ಮೇಲೆ ಹಾಕಿ ನೋಡಿದೆ. ಗೆರೆ ಕಡುಗೆಂಪಾಗಿ ಬಂತು. ಅವರು ಕುಡಿಯುತ್ತಿದ್ದರು ಮಗಳೇ, ಇಲ್ಲವೆನ್ನಲಾರೆ. ಆದರೆ ಅವರನ್ನು ಕೊಂದದ್ದು ಅದಲ್ಲ.